ಈ ಸುಜುಕಿಗೂ ನಿಮ್ಮ ಕಾರಿಗೂ ಸಂಬಂಧ ಇಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ: ವಾದ್ಯ ವಿಚಾರ

ಈ ಸಲದ ಪತ್ರಗಳಲ್ಲಿ ಹಳೇ ಗಿಟಾರುಗಳದ್ದೇ ಜೋರು. ಅದೂ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದಲೇ. ಒಂದಕ್ಕೆ ಉದ್ದ ಉತ್ತರ ಬೇಕು, ಕೊಟ್ಟಿದ್ದೇನೆ. ಉಳಿದವು ಚಿಕ್ಕವು.

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಓಣಿಯಲ್ಲಿ ಮನೆ ಖಾಲಿ ಮಾಡುತ್ತಿದ್ದ ರಿಟೈರ್ಡ್ ಮಾಸ್ತರ್ ಒಬ್ಬರಿಂದ ಒಂದು ಹಳೇ ಅಕೌಸ್ಟಿಕ್ ಗಿಟಾರ್ 6,500 ರೂಪಾಯಿಗೆ ತಗೊಂಡೆ. ಅವರ ತಮ್ಮ ಕುವೈತ್‌ನಲ್ಲಿದ್ದಾಗ ತಂದದ್ದಂತೆ. ಒಳಗಿನ ಲೇಬಲ್ ಮೇಲೆ ‘ಕಿಸೊ ಸುಜುಕಿ ವಯೊಲಿನ್ ಕಂಪನಿ, ಮೇಡ್ ಇನ್ ಜಪಾನ್’ ಅಂತ ಇದೆ. ನನ್ನ ಮಗ, ಕಾರ್ ಕಂಪನಿಯವರು ಮೊದಲು ಗಿಟಾರೂ ಮಾಡ್ತಿದ್ದರು ಅಂತಾನೆ. ಹೈದರಾಬಾದಿನ ಪರಿಚಯದವರೊಬ್ಬರು ಫೋಟೊ ನೋಡಿ ‘ಇದು ಲಾಸೂಟ್ ಗಿಟಾರ್, ವಿಂಟೇಜ್, 60 ಸಾವಿರಕ್ಕೆ ಕಮ್ಮಿ ಕೊಡಬೇಡಿ’ ಅಂದರು. ಇಲ್ಲಿನ ಒಂದು ಅಂಗಡಿಯವರು ‘ಒಲೆಗೆ ಹಾಕ್ರಿ’ ಅಂದರು. ತಂತಿ ಬಹಳ ಮೇಲಿದೆ, ಒತ್ತಿದರೆ ಬೆರಳು ನೋಯುತ್ತದೆ. ಇದು ಯಾವ ಕಾಲದ್ದು, ಏನು ಬೆಲೆ, ತಂತಿ ಬಿಗಿ ಮಾಡುವ ಕೀಗಳನ್ನು ಹೊಸದು ಹಾಕಿಸಲಾ? ಎಂಟು ಫೋಟೊ ಕಳಿಸಿದ್ದೇನೆ.
ಒಬ್ಬ ಓದುಗ, ಬ್ರಹ್ಮಪುರ, ಕಲಬುರಗಿ

ಉತ್ತರ: ಮೊದಲು ಮಗನ ಮಾತು. ಜಪಾನಿನಲ್ಲಿ ಸುಜುಕಿ ಅಂದರೆ ನಮ್ಮ ಕಡೆ ಪಾಟೀಲ ಇದ್ದ ಹಾಗೆ, ಊರಿಗೆ ನಾಲ್ಕು ಮನೆ ಸಿಗುತ್ತವೆ. ಕಾರಿನ ಸುಜುಕಿ ಹಮಾಮತ್ಸು ಊರಿನದು, 1909ರಲ್ಲಿ ಮಗ್ಗ ಮಾಡುವುದಕ್ಕೆ ಶುರುವಾದದ್ದು. ಹಾರ್ಮೋನಿಕಾ, ಮೆಲೋಡಿಯನ್ ಮಾಡುವ ಸುಜುಕಿಯೂ ಹಮಾಮತ್ಸುವಿನದೇ, ಅದೂ ಬೇರೆ. ನಿಮ್ಮ ಗಿಟಾರಿನ ಸುಜುಕಿ ಪಿಟೀಲಿನವರು. ನಗೋಯಾದಲ್ಲಿ ಮಸಾಕಿಚಿ ಸುಜುಕಿ ಎಂಬುವರು 1887ರಲ್ಲಿ ಪಿಟೀಲು ಮಾಡಲು ಶುರು ಮಾಡಿದರು. ಸಣ್ಣ ಮಕ್ಕಳಿಗೆ ಪಿಟೀಲು ಕಲಿಸುವ ‘ಸುಜುಕಿ ಪದ್ಧತಿ’ ಕೇಳಿರುತ್ತೀರಿ, ಅದನ್ನು ರೂಪಿಸಿದ ಶಿನಿಚಿ ಸುಜುಕಿ ಇವರ ಮಗ. ಎರಡನೇ ಮಹಾಯುದ್ಧದ ಹೊತ್ತಿಗೆ ಕಂಪನಿಯ ಒಂದು ಭಾಗ ನಾಗಾನೊ ಪ್ರಾಂತ್ಯದ ಕಿಸೊ-ಫುಕುಶಿಮಾ ಎಂಬ ಬೆಟ್ಟದ ಊರಿಗೆ ಹೋಯಿತು. ಆಮೇಲೆ ಅದು ಬೇರೆಯೇ ಕಂಪನಿಯಾಗಿ ಗಿಟಾರುಗಳನ್ನು ಮಾಡಿತು. ಹಾಗಾಗಿ ಗಿಟಾರಿನಲ್ಲೂ ಎರಡು ಸುಜುಕಿ ಲೇಬಲ್ ಇವೆ, ಒಂದು ನಗೋಯಾದ್ದು, ಒಂದು ಕಿಸೊದ್ದು. ನಿಮ್ಮದು ಎರಡನೆಯದು. ಎರಡನ್ನೂ ಒಂದೇ ಅಂತ ತಿಳಿದು ಇಂಟರ್ನೆಟ್ಟಿನಲ್ಲಿ ಬೆಲೆ ಹುಡುಕಿದರೆ ತಲೆ ಕೆಡುತ್ತದೆ.

ಇಷ್ಟೆಲ್ಲಾ ಹೇಳಿದ ಮೇಲೆ ಒಂದು ಮಾತು. ಆ ಕಾಲದ ಜಪಾನಿ ಗಿಟಾರಿನಲ್ಲಿ ಹೆಸರು ನೋಡಿ ಬೆಲೆ ಕಟ್ಟುವುದು ಅರ್ಧ ಕೆಲಸವೂ ಅಲ್ಲ. 60-70ರ ದಶಕದಲ್ಲಿ ನಗೋಯಾ, ಮತ್ಸುಮೊಟೊ ಸುತ್ತಲಿನ ಕಾರ್ಖಾನೆಗಳು ಹೊರದೇಶಕ್ಕೆ ರಾಶಿ ರಾಶಿ ಗಿಟಾರ್ ಕಳಿಸಿದವು. ಆರ್ಡರ್ ಕೊಟ್ಟವರು ತಮಗೆ ಬೇಕಾದ ಹೆಸರು ಹಾಕಿಸಿಕೊಂಡರು. ವೆಂಚುರಾ, ಲೈಲ್ ಅಂತೆಲ್ಲ ಹೆಸರುಗಳು ಹುಟ್ಟಿದ್ದೇ ಹೀಗೆ, ಆ ಹೆಸರಿನ ಕಾರ್ಖಾನೆ ಜಪಾನಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಒಂದೇ ಕಾರ್ಖಾನೆಯಿಂದ ಒಳ್ಳೇ ಮಾಲೂ ಬಂತು, ಶಾಲೆ ಮಕ್ಕಳಿಗೆ ಕೊಡುವಂಥ ಅಗ್ಗದ ಮಾಲೂ ಬಂತು. ಅದಕ್ಕೇ ಲೇಬಲ್ ಓದಿದ ಮೇಲೆ ಅದನ್ನು ಪಕ್ಕಕ್ಕಿಟ್ಟು ಮರ ನೋಡಬೇಕು, ಮರ ನೋಡಿದ ಮೇಲೆ ನೆಕ್, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದ ಕತ್ತು, ನೋಡಬೇಕು. ದುಡ್ಡು ಇರುವುದು ಅಲ್ಲೇ.

ಮರ ನೋಡುವುದಕ್ಕೆ ನಿಮ್ಮ ಮೂರನೇ ಫೋಟೊ ಬಹಳ ಚೆನ್ನಾಗಿದೆ. ಸೌಂಡ್‌ಹೋಲ್, ಅಂದರೆ ಮೈಮೇಲಿನ ದುಂಡು ತೂತಿನ ಅಂಚನ್ನು ಹತ್ತಿರದಿಂದ ತೆಗೆದಿದ್ದೀರಿ, ಮೊಬೈಲ್ ಟಾರ್ಚ್ ಒಳಗಿಂದ ಬಿಟ್ಟಿದ್ದೀರಿ. ಆ ಅಂಚಿನಲ್ಲಿ ಮೂರು ಪದರ ಕಾಣುತ್ತಿವೆ ನೋಡಿ. ಮೇಲೆ ತೆಳ್ಳಗೆ ಹಳದಿ, ನಡುವೆ ಸ್ವಲ್ಪ ಕಂದು, ಕೆಳಗೆ ಮತ್ತೆ ತಿಳಿ. ಮೇಲಿನ ಗೆರೆಗಳು ಅಂಚಿಗೆ ಬಂದ ಕೂಡಲೇ ನಿಂತುಬಿಡುತ್ತವೆ, ದಪ್ಪದೊಳಗೆ ಇಳಿಯುವುದಿಲ್ಲ. ಅಂದರೆ ಇದು ಪ್ಲೈ, ಪದರ ಪದರ ಅಂಟಿಸಿದ ಪ್ಲೈವುಡ್. ಒಂದೇ ಮರದ ಹಲಗೆ ಆಗಿದ್ದರೆ, ಅಂದರೆ ಸಾಲಿಡ್ ಟಾಪ್ ಆಗಿದ್ದರೆ, ಮೇಲೆ ಕಾಣುವ ಒಂದೊಂದು ಗೆರೆಯೂ ಅಂಚಿನಲ್ಲಿ ಕೆಳಗಿನವರೆಗೆ ಇಳಿದಿರುತ್ತಿತ್ತು. ಕೆಲವು ಗಿಟಾರಿಗೆ ಅಂಚಿನಲ್ಲಿ ಕರಿ ಬಣ್ಣ ಬಳಿದಿರುತ್ತಾರೆ ಅಥವಾ ಪ್ಲಾಸ್ಟಿಕ್ ಪಟ್ಟಿ ಹಾಕಿರುತ್ತಾರೆ, ಹಾಗಿದ್ದಾಗ ಇದು ಕಾಣುವುದಿಲ್ಲ. ನಿಮ್ಮ ಪುಣ್ಯ, ಇದರಲ್ಲಿ ಇಲ್ಲ. ಹಿಂಭಾಗದ್ದೂ ಅದೇ ಕಥೆ. ಹೊರಗೆ ಬೀಟೆ ಮರದ ಕಪ್ಪು ಬಳ್ಳಿಬಳ್ಳಿ ಗೆರೆ ಇದೆ, ಐದನೇ ಫೋಟೊದಲ್ಲಿ ಒಳಗೆ ನೋಡಿದರೆ ಬೋಳು ಕೆಂಚು ಮರ. ಹೊರಗಿನ ಗೆರೆ ಒಳಗೂ ಅದೇ ಜಾಗದಲ್ಲಿ ಸಿಗದಿದ್ದರೆ ಅದು ಮೇಲೊಂದು ತೆಳು ಪದರ ಅಂಟಿಸಿದ ಪ್ಲೈ, ಅಷ್ಟೇ.

ಪ್ಲೈ ಅಂದ ಕೂಡಲೇ ಮುಖ ಸಣ್ಣ ಮಾಡಿಕೊಳ್ಳಬೇಡಿ. ಯಮಹಾದವರು 1966ರಲ್ಲಿ ತಂದ ಎಫ್‌ಜಿ-180, ಈಗ ಜನ ಕೆಂಪು ಲೇಬಲ್ ಅಂತ ಹುಡುಕಿಕೊಂಡು ಹೋಗುತ್ತಾರಲ್ಲ, ಅದೂ ಪೂರ್ತಿ ಪ್ಲೈ. ಇನ್ನೊಂದು, ನಮ್ಮೂರಿನ ಹವೆಗೆ ಪ್ಲೈ ಒಳ್ಳೇದೇ. ಗಿಟಾರಿಗೆ ಹಿತ ಅನ್ನಿಸುವುದು 45ರಿಂದ 55 ಪರ್ಸೆಂಟ್ ತೇವ. ಕಲಬುರಗಿಯ ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲಿನಲ್ಲಿ ಅಷ್ಟು ತೇವ ಎಲ್ಲಿಂದ ಬರಬೇಕು? ಒಂದೇ ಹಲಗೆಯ ಟಾಪ್ ಒಣಗಿ, ಕುಗ್ಗಿ, ಗೆರೆಯುದ್ದಕ್ಕೂ ಸೀಳುತ್ತದೆ. ಪ್ಲೈನಲ್ಲಿ ಪದರಗಳು ಅಡ್ಡಡ್ಡ ಇರುವುದರಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಸೀಳುವುದು ಅಪರೂಪ. ನಿಮ್ಮ ಗಿಟಾರ್ ಇಷ್ಟು ವರ್ಷ ಕುವೈತ್ ಮತ್ತು ಬ್ರಹ್ಮಪುರ ಎರಡನ್ನೂ ತಡೆದುಕೊಂಡು ಒಂದೂ ಬಿರುಕಿಲ್ಲದೆ ಇರುವುದಕ್ಕೆ ಇದೇ ಕಾರಣ ಇರಬೇಕು.

ಯಾವ ಕಾಲದ್ದು ಅಂತ ಕೇಳಿದ್ದೀರಿ. ಸೀರಿಯಲ್ ನಂಬರ್ ಹಿಡಿದು ಕೂರಬೇಡಿ, ಆಗಿನ ಕಂಪನಿಗಳದ್ದು ಒಬ್ಬೊಬ್ಬರದು ಒಂದೊಂದು ಲೆಕ್ಕ. ಗಿಟಾರಿನ ಮೈಮೇಲೇ ಸುಳಿವು ಇವೆ. ತಲೆಯ ಬುಡದಲ್ಲಿ ತಂತಿ ಹಾಯುವ ಸಣ್ಣ ಪಟ್ಟಿ ನಟ್, ಅದರ ಪಕ್ಕದಲ್ಲೇ ಇನ್ನೊಂದು ಫ್ರೆಟ್, ಅಂದರೆ ಅಡ್ಡ ಲೋಹದ ಗೆರೆ, ಇದೆಯಲ್ಲ, ತಂತಿ ಅದರ ಮೇಲೆಯೇ ಕೂರುತ್ತದೆ, ಅದಕ್ಕೆ ಜೀರೊ ಫ್ರೆಟ್ ಅನ್ನುತ್ತಾರೆ. ತಂತಿಗಳ ಕೆಳತುದಿ ಹಿಡಿದಿರುವ ಮರದ ತುಂಡು ಬ್ರಿಡ್ಜ್, ಅದರ ಮೇಲೆ ತಂತಿ ಕೂರುವ ಪಟ್ಟಿ ಸ್ಯಾಡಲ್. ಆ ಸ್ಯಾಡಲ್‌ನ ಎರಡೂ ತುದಿಗೆ ಸ್ಕ್ರೂ ಇವೆ, ತಿರುಗಿಸಿದರೆ ಸ್ಯಾಡಲ್ ಏರುತ್ತದೆ ಇಳಿಯುತ್ತದೆ. ಅಮೆರಿಕದ ಗಿಬ್ಸನ್‌ನವರು 60ರ ದಶಕದಲ್ಲಿ ಅಂಥ ಬ್ರಿಡ್ಜ್ ಹಾಕುತ್ತಿದ್ದರು, ಜಪಾನಿನವರು ಅದನ್ನು ನೋಡಿ ತಾವೂ ಹಾಕಿದರು. ಈ ಎರಡೂ ಒಟ್ಟಿಗೆ ಇವೆ ಅಂದರೆ 60ರ ದಶಕದ ಕೊನೆಯಿಂದ 70ರ ದಶಕದ ನಡುವೆ ಅಂತ ನಾನು ಹೇಳುತ್ತೇನೆ. ಇಷ್ಟು ಸಾಕು. 1971ರದ್ದೋ 1973ರದ್ದೋ ಅನ್ನುವುದರಿಂದ ಇಂಥ ಗಿಟಾರಿನ ಬೆಲೆ ನೂರು ರೂಪಾಯಿಯೂ ಆಚೀಚೆ ಆಗುವುದಿಲ್ಲ.

ಈಗ ಬೆರಳು ನೋಯುವ ವಿಷಯ, ಅಸಲಿ ವಿಷಯ ಇದೇ. ನೀವು ಅಳೆದು ಬರೆದಿದ್ದೀರಿ, 12ನೇ ಫ್ರೆಟ್ ಮೇಲೆ ದಪ್ಪ ತಂತಿ ಐದು ಮಿಲಿಮೀಟರ್ ಮೇಲಿದೆ ಅಂತ. ಅಳೆದದ್ದು ಕಂಪಾಸ್ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲಿನಲ್ಲಿ ಆದರೆ ಇನ್ನೊಮ್ಮೆ ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ. ಪ್ಲಾಸ್ಟಿಕ್ಕಿನದರಲ್ಲಿ ಸೊನ್ನೆಗೆ ಮುಂಚೆ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ, ಲೆಕ್ಕ ತಪ್ಪುತ್ತದೆ. ಐದು ನಿಜ ಆದರೆ ಜಾಸ್ತಿಯೇ. ದಪ್ಪ ತಂತಿಗೆ ಎರಡೂವರೆ, ತೆಳು ತಂತಿಗೆ ಎರಡು ಇದ್ದರೆ ಆರಾಮಾಗಿ ನುಡಿಸಬಹುದು.

ಅಂಗಡಿಯವರು ಒಲೆಗೆ ಹಾಕಿ ಅಂದದ್ದು ಇದನ್ನು ನೋಡಿಯೇ ಇರಬೇಕು. ನೆಕ್ ಎದ್ದಿದೆ, ಕೆಲಸ ಮುಗೀತು ಅಂದುಕೊಂಡಿದ್ದಾರೆ. ಆದರೆ ನಿಮ್ಮ ಏಳನೇ ಫೋಟೊ ನೋಡಿ. ಸ್ಯಾಡಲ್ ಬ್ರಿಡ್ಜ್‌ನಿಂದ ಎತ್ತರಕ್ಕೆ ಎದ್ದು ನಿಂತಿದೆ, ಕೆಳಗೆ ಗಾಳಿ ಆಡುವಷ್ಟು ಸಂದು ಕಾಣುತ್ತಿದೆ. ಯಾರೋ ಸ್ಕ್ರೂ ತಿರುಗಿಸಿ ಮೇಲೆತ್ತಿದ್ದಾರೆ. ತಂತಿ ಸಡಿಲ ಮಾಡಿ ಎರಡೂ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪ ಇಳಿಸಿ, ಒಂದೇ ಸಲ ಒಂದೇ ಕಡೆ ಇಳಿಸಬೇಡಿ. ಒಂದು ಲೆಕ್ಕ ನೆನಪಿಡಿ. 12ನೇ ಫ್ರೆಟ್ ತಂತಿಯ ಸರಿಯಾದ ಅರ್ಧಕ್ಕೆ ಬರುತ್ತದೆ, ಹಾಗಾಗಿ ಸ್ಯಾಡಲ್ ಎರಡು ಮಿಲಿಮೀಟರ್ ಇಳಿದರೆ ಅಲ್ಲಿ ತಂತಿ ಒಂದೇ ಮಿಲಿಮೀಟರ್ ಇಳಿಯುತ್ತದೆ. ನಿಮಗೆ ಎರಡೂವರೆ ಇಳಿಯಬೇಕು ಅಂದರೆ ಸ್ಯಾಡಲ್ ಐದು ಇಳಿಯಬೇಕು. ಸ್ಕ್ರೂನಿಂದ ಅಷ್ಟೂ ಸಿಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ, ಅರ್ಧವಾದರೂ ಸಿಗಬಹುದು.

ಉಳಿದರ್ಧ ಎಲ್ಲಿದೆ ಅಂತ ಹುಡುಕಬೇಕು. ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಗೆ ಹೋಗಿ ಎರಡಡಿಯ ನೇರ ಪಟ್ಟಿ ಒಂದು ಕೇಳಿ, ಸುಮ್ನೆ ಕೊಟ್ಟರೂ ಕೊಟ್ಟಾರು. ಅದನ್ನು ಫ್ರೆಟ್‌ಗಳ ಮೇಲೆ ನೆಕ್ ಉದ್ದಕ್ಕೂ, ತಂತಿಗಳ ನಡುವೆ ಇಡಿ. ಪಟ್ಟಿಯ ತುದಿ ಬ್ರಿಡ್ಜ್‌ನ ಮೇಲ್ಭಾಗಕ್ಕೆ ಸರಿಯಾಗಿ ಬಂದು ಕೂತರೆ ನೆಕ್ ಕೋನ ಚೆನ್ನಾಗಿದೆ, ಹಬ್ಬ ಮಾಡಿ. ಬ್ರಿಡ್ಜ್‌ನ ಮುಂಗೋಡೆಗೆ ಬಂದು ಬಡಿದರೆ ನೆಕ್ ಮುಂದಕ್ಕೆ ಬಾಗಿದೆ. ಎಷ್ಟು ಕೆಳಗೆ ಬಡಿಯುತ್ತದೋ ಅಷ್ಟು ಖರ್ಚು. ಇದಕ್ಕೆ ಮುಂಚೆ ನೆಕ್ ಬಿಲ್ಲಿನ ಹಾಗೆ ಬಗ್ಗಿದೆಯಾ ಅಂತಲೂ ನೋಡಿ, ಬಗ್ಗಿದ್ದರೆ ಮೊದಲು ಟ್ರಸ್ ರಾಡ್, ಅಂದರೆ ನೆಕ್ ಒಳಗಿನ ಲೋಹದ ಸರಳು, ಕಾಲು ಸುತ್ತು ಬಿಗಿ ಮಾಡಿ, ಒಂದು ದಿನ ಬಿಟ್ಟು ಮತ್ತೆ ನೋಡಿ. ಬಲವಂತ ಬೇಡ, ಮುರಿದರೆ ಆ ರಾಡ್ ಹೊರಗೆ ತೆಗೆಯುವುದು ದೊಡ್ಡ ರಾಮಾಯಣ.

ಬ್ರಿಡ್ಜ್ ಹಿಂದೆ ಟಾಪ್ ಉಬ್ಬಿದೆಯಾ? ಸ್ವಲ್ಪ ಉಬ್ಬು ಎಲ್ಲಾ ಹಳೇ ಗಿಟಾರಿಗೂ ಇರುತ್ತದೆ. ಬ್ರಿಡ್ಜ್ ಎದ್ದಿದೆಯಾ ಅಂತ ನೋಡುವುದಕ್ಕೆ ನಮ್ಮ ಕೆಂಪು ಬಸ್ಸಿನ ಟಿಕೆಟ್ ಸಾಕು. ಆ ತೆಳು ಕಾಗದವನ್ನು ಬ್ರಿಡ್ಜ್ ಹಿಂದಿನ ಅಂಚಿನಲ್ಲಿ ತೂರಿಸಿ ನೋಡಿ. ಒಳಗೆ ಹೋಗದಿದ್ದರೆ ಸರಿ. ಹೋಯಿತು ಅಂದರೆ ಅಂಟು ಬಿಟ್ಟಿದೆ, ಪೂರ್ತಿ ಏಳುವ ಮೊದಲೇ ತೆಗೆದು ಮತ್ತೆ ಅಂಟಿಸಬೇಕು. ದಯವಿಟ್ಟು ಬಡಗಿಯವರ ಹತ್ತಿರ ಒಯ್ದು ಅರಾಲ್ಡೈಟ್ ಹಾಕಿಸಬೇಡಿ. ಅದು ಹಿಡಿದರೆ ಬಿಡುವುದಿಲ್ಲ, ಮುಂದೆ ರಿಪೇರಿ ಮಾಡುವವರು ಟಾಪ್‌ನ ಪದರವನ್ನೇ ಕಿತ್ತು ತೆಗೆಯಬೇಕಾಗುತ್ತದೆ. ಹಾರ್ಮೋನಿಯಂ ರಿಪೇರಿಯವರೂ ಎಲ್ಲರೂ ಈ ಕೆಲಸ ಮಾಡುವವರಲ್ಲ. ಹೈದರಾಬಾದ್ ಅಥವಾ ಬೆಂಗಳೂರಿನಲ್ಲಿ ಗಿಟಾರ್ ಸೆಟಪ್ ಮಾಡುವವರ ಹತ್ತಿರವೇ ಹೋಗಿ, ಆದರೆ ಹೋಗುವ ಮುಂಚೆ ಫೋನಿನಲ್ಲೇ ಖರ್ಚು ಕೇಳಿ. ನೆಕ್ ಬಿಚ್ಚಿ ಮತ್ತೆ ಕೂರಿಸುವ ಕೆಲಸಕ್ಕೆ ನೀವು ಗಿಟಾರಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ಹೇಳಿದರೂ ಹೇಳಬಹುದು. ಹಾಗೆ ಹೇಳಿದರೆ ಈ ಗಿಟಾರಿಗೆ ಬೇಡ. ತೆಳು ತಂತಿ ಹಾಕಿ, 10ರ ಸೆಟ್ (ಅಂಕಿ ಕಡಿಮೆ ಆದಷ್ಟೂ ತಂತಿ ತೆಳು), ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿಕೊಂಡು ನುಡಿಸಿ. 12-13ರ ಸೆಟ್ ಹಾಕಿ ಹಳೇ ಮೈ ಮೇಲೆ ಭಾರ ಹೇರಬೇಡಿ.

ಲಾಸೂಟ್, ಅಂದರೆ ಕೋರ್ಟ್ ಕೇಸಿನ ಗಿಟಾರ್, ಅಂದವರಿಗೆ ನನ್ನ ನಮಸ್ಕಾರ ತಿಳಿಸಿ. ಕೇಸ್ ಆಗಿದ್ದು ನಿಜ. 1977ರಲ್ಲಿ ಗಿಬ್ಸನ್‌ನ ಒಡೆತನ ಇದ್ದ ನಾರ್ಲಿನ್ ಕಂಪನಿ, ಅಮೆರಿಕದಲ್ಲಿ ಐಬನೀಜ್ ಎಂಬ ಜಪಾನಿ ಗಿಟಾರ್ ಮಾರುತ್ತಿದ್ದ ಎಲ್ಗರ್ ಕಂಪನಿ ಮೇಲೆ ಕೇಸ್ ಹಾಕಿತು. ತಕರಾರು ಇದ್ದದ್ದು ಎಲೆಕ್ಟ್ರಿಕ್ ಗಿಟಾರಿನ ತಲೆಯ ಆಕಾರ ನಕಲು ಮಾಡಿದ್ದರ ಬಗ್ಗೆ. ಕೋರ್ಟಿನ ಹೊರಗೇ ರಾಜಿಯಾಯಿತು. ಅದರಲ್ಲಿ ಕಿಸೊ ಎಲ್ಲಿ ಬಂತು, ಅಕೌಸ್ಟಿಕ್ ಎಲ್ಲಿ ಬಂತು? ಈಗ ಮಾರುವವರು 70ರ ದಶಕದ ಯಾವ ಜಪಾನಿ ಗಿಟಾರ್ ಸಿಕ್ಕರೂ ಆ ಮಾತು ಅಂಟಿಸುತ್ತಾರೆ, ಬೆಲೆ ಏರಿಸುವುದಕ್ಕೆ.

ಇನ್ನು 60 ಸಾವಿರ. ಆನ್‌ಲೈನಿನಲ್ಲಿ ಯಾರೋ ಅಷ್ಟು ಬೆಲೆ ಬರೆದಿದ್ದನ್ನು ಅವರು ನೋಡಿರುತ್ತಾರೆ. ಬರೆದ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ, ಅಲ್ವಾ? ಈಬೇನಲ್ಲಿ ‘ಮಾರಾಟವಾದವು ಮಾತ್ರ’ ಅಂತ ಆಯ್ದುಕೊಂಡು ನೋಡುವ ಸೌಲಭ್ಯ ಇದೆ, ವಾದ್ಯ ಮಾರುವ ರಿವರ್ಬ್ ಸೈಟಿನಲ್ಲೂ ಹಿಂದೆ ಹೋದ ಬೆಲೆ ನೋಡಬಹುದು. ಜಪಾನಿನ ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಇಂಥ ಪ್ಲೈ ಸುಜುಕಿಗಳು ಐದು ಸಾವಿರ ಯೆನ್‌ನಿಂದ ಹದಿನೈದು ಸಾವಿರ ಯೆನ್ ಒಳಗೆ ಹೋಗುವುದೇ ಹೆಚ್ಚು, ಅಂದರೆ ನಮ್ಮ ಎರಡೂವರೆ ಸಾವಿರದಿಂದ ಒಂಬತ್ತು ಸಾವಿರ ರೂಪಾಯಿ. ಆದರೆ ನೀವು ಮಾರುವುದು ಜಪಾನಿನಲ್ಲಲ್ಲ. ಇಲ್ಲಿ ಗಿರಾಕಿ ಹೇಗೆ ಯೋಚನೆ ಮಾಡುತ್ತಾನೆ ಅಂದರೆ, ಹತ್ತು ಸಾವಿರದ ಆಸುಪಾಸಿನಲ್ಲಿ ಗ್ಯಾರಂಟಿ ಸಮೇತ ಹೊಸ ಯಮಹಾ ಬರುತ್ತದೆ, ಈ ಹಳೇದು ಯಾಕೆ? ಆ ಹೊಸ ಯಮಹಾವೇ ನಿಮ್ಮ ಗಿಟಾರಿನ ಬೆಲೆಗೆ ಸೂರು. ಅದರ ಮೇಲೆ ಹೋಗುವುದಿಲ್ಲ. ತಂತಿ ಇಳಿಸಿ, ಚೆನ್ನಾಗಿ ಶ್ರುತಿ ನಿಲ್ಲುವ ಹಾಗೆ ಆದರೆ ಎಂಟು, ಒಳ್ಳೇ ಗಿರಾಕಿ ಸಿಕ್ಕರೆ ಒಂಬತ್ತು ಸಾವಿರ. ಈಗಿರುವ ಹಾಗೆಯೇ ಆದರೆ ನಾಲ್ಕು ಬಂದರೆ ಹೆಚ್ಚು. ಮಾಸ್ತರ್ ನಿಮಗೆ ಮೋಸ ಮಾಡಿಲ್ಲ, ನೀವೂ ಅವರಿಗೆ ಮಾಡಿಲ್ಲ.

ಕೀ ಬದಲಿಸಬೇಡಿ. ತುಕ್ಕು ಮೇಲೆ ಮೇಲೆ ಇದೆ ಅಷ್ಟೇ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಪಲ್ಲಿಗೆ ಬಿಟ್ಟು ತಿರುಗಿಸಿ, ಸರಾಗ ಆಗುತ್ತದೆ. ಮರಕ್ಕೆ ತಾಗದಂತೆ ಒರೆಸಿ. ಮೂಲ ಕೀ ಇರುವುದೇ ಹಳೇ ಗಿಟಾರ್ ಕೊಳ್ಳುವವರಿಗೆ ಬೇಕು, ಹೊಸದು ಹಾಕಲು ತೂತು ದೊಡ್ಡದು ಮಾಡಿದರೆ ಮತ್ತೆ ಹಿಂದಕ್ಕೆ ಹೋಗಲಾಗದು. ಬೇಸಿಗೆಯಲ್ಲಿ ಏರ್ ಕೂಲರ್‌ನ ಎದುರಿಗೆ ಇಡಬೇಡಿ. ಕೂಲರ್ ಹಾಕಿದಾಗ ರೂಮಿನಲ್ಲಿ ತೇವ ಏರುತ್ತದೆ, ಕರೆಂಟ್ ಹೋದಾಗ ಧಡಕ್ಕನೆ ಇಳಿಯುತ್ತದೆ, ಮರಕ್ಕೆ ಈ ಏರಿಳಿತವೇ ವೈರಿ. ಒಳಕೋಣೆಯ ಗೋಡೆಗೆ, ಕೇಸಿನೊಳಗೆ ಇಡಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಬೇಡಿ, ಅಂಟು ಮೆತ್ತಗಾಗುತ್ತದೆ. ಸುಜುಕಿ ಕಾರೇ ಆದರೂ.

ಪ್ರಶ್ನೆ: ಸರ್, ನಾನು ಚರ್ಚಿನ ಕ್ವಾಯರ್‌ನಲ್ಲಿ ಹಾಡುವವಳು. ನಮ್ಮ ಸಂಬಂಧಿಕರೊಬ್ಬರು ಊರು ಬಿಡುವಾಗ ನನಗೆ ಎರಡು ಸಾವಿರಕ್ಕೆ ಗಿಟಾರ್ ಕೊಟ್ಟು ಹೋದರು. ಬಹಳ ಹಿಂದೆ ಅಮೆರಿಕದಿಂದ ಬಂದವರು ಬಿಟ್ಟು ಹೋದದ್ದಂತೆ. ಲೇಬಲ್ ಮೇಲೆ ‘ಅಲ್ವಾರೆಜ್ ಯಾಯಿರಿ’ ಅಂತ ಇದೆ, ಒಳಗೆ ನೆಕ್ ಕೂಡುವ ಮರದ ತುಂಡಿನ ಮೇಲೆ 53 ಅಂತ ಮೊಹರು ಇದೆ. 1953ರದ್ದಾ? ಸ್ಪೇನ್‌ನದಾ? ಒಬ್ಬರು ಎಂಟು ಸಾವಿರಕ್ಕೆ ಕೇಳುತ್ತಿದ್ದಾರೆ.
ಓದುಗರು, ಮಂಗಲಪೇಟ, ಬೀದರ್

ಉತ್ತರ: ಅಕ್ಕಾವ್ರೆ, ಎಂಟು ಸಾವಿರಕ್ಕೆ ಕೊಡಬೇಡಿ. ಮೊದಲ ಕೆಲಸ ಅದು.

ಸ್ಪೇನ್‌ನದಲ್ಲ, ಜಪಾನಿನದೇ. ಗಿಫು ಪ್ರಾಂತ್ಯದ ಕಾನಿ ಊರಿನ ಯಾಯಿರಿ ಕಾರ್ಖಾನೆಯಲ್ಲಿ ಕಝುವೊ ಯಾಯಿರಿ ಅವರ ಕೈಕೆಳಗೆ ಆದದ್ದು. ಅಮೆರಿಕದಲ್ಲಿ ಅದನ್ನು ಸೇಂಟ್ ಲೂಯಿಸ್ ಮ್ಯೂಸಿಕ್ ಎಂಬ ಕಂಪನಿ ಅಲ್ವಾರೆಜ್ ಯಾಯಿರಿ ಅಂತ ಮಾರುತ್ತಿತ್ತು. ಬೀದರಿನ ಮೆಥಡಿಸ್ಟ್ ಮಿಷನ್ನಿಗೆ ಅಮೆರಿಕದ ನಂಟು ಹಳೇದು. ಯಾರದೋ ಸಾಮಾನಿನ ಜೊತೆ ಬಂದಿರುವುದು ದೊಡ್ಡ ಆಶ್ಚರ್ಯ ಏನಲ್ಲ. ಆಗ ನಮ್ಮ ದೇಶಕ್ಕೆ ಆಮದು ಬಹಳ ಬಿಗಿ ಇತ್ತು, ಇಂಥವೆಲ್ಲ ಜನರ ಪೆಟ್ಟಿಗೆಯಲ್ಲೇ ಬರುತ್ತಿದ್ದವು.

53 ಅಂದರೆ 1953 ಅಲ್ಲ. ಯಾಯಿರಿಯವರು ಚಕ್ರವರ್ತಿಯ ಆಳ್ವಿಕೆಯ ವರ್ಷ ಹಾಕುತ್ತಿದ್ದರು. ಶೋವಾ ಕಾಲ ಶುರುವಾದದ್ದು 1926ರ ಡಿಸೆಂಬರಿನಲ್ಲಿ. ಮೊಹರಿನ ಅಂಕಿಗೆ 1925 ಕೂಡಿಸಿ, 1978 ಬರುತ್ತದೆ. ನಿಮ್ಮ ಗಿಟಾರ್ ಆ ವರ್ಷದ್ದು. ಮೊಹರಿನಲ್ಲಿ ಚಿಕ್ಕ ಅಂಕಿ ಇದ್ದರೆ, 5 ಅಥವಾ 6 ಅನ್ನುವ ಹಾಗೆ, ಅದು 1989ರಿಂದ ಶುರುವಾದ ಹೇಸೆ ಕಾಲದ್ದಿರುತ್ತದೆ, ಅದಕ್ಕೆ 1988 ಕೂಡಿಸಬೇಕು. ಇಷ್ಟು ಸರಳವಾಗಿ ವರ್ಷ ಹೇಳುವ ಹಳೇ ಗಿಟಾರ್ ಬಹಳ ಇಲ್ಲ.

ಇದರಲ್ಲಿ ಟಾಪ್ ಒಂದೇ ಹಲಗೆಯದು ಇರುವ ಸಾಧ್ಯತೆ ಜಾಸ್ತಿ. ಮೇಲೆ ಬ್ರಹ್ಮಪುರದವರಿಗೆ ಹೇಳಿದ ಹಾಗೆ ಸೌಂಡ್‌ಹೋಲ್ ಅಂಚು ನೋಡಿ ಖಾತ್ರಿ ಮಾಡಿಕೊಳ್ಳಿ. ಹಿಂಭಾಗ ಹಲವು ಮಾಡೆಲ್‌ಗಳಲ್ಲಿ ಪ್ಲೈ ಇರುತ್ತದೆ, ಅದಕ್ಕೆ ಬೇಜಾರು ಬೇಡ. ಲೇಬಲ್ಲಿನಲ್ಲಿ ‘ಡಿವೈ’ ಅಂತ ಶುರುವಾಗುವ ಮಾಡೆಲ್ ನಂಬರ್ ಇದೆಯಾ ನೋಡಿ, ಬೆಲೆ ಹುಡುಕಲು ಅದೇ ಬೇಕು, ಬರೀ ಯಾಯಿರಿ ಅಂತ ಹುಡುಕಿದರೆ ಪ್ರಯೋಜನ ಇಲ್ಲ. ಅಮೆರಿಕದಲ್ಲಿ ಚೆನ್ನಾಗಿರುವ 70ರ ದಶಕದ ಅಲ್ವಾರೆಜ್ ಯಾಯಿರಿಗಳು ಸುಮಾರಾಗಿ 500ರಿಂದ 1000 ಡಾಲರ್ ನಡುವೆ ಹೋಗುತ್ತವೆ. ಇಲ್ಲಿ ಅಷ್ಟು ಕೊಡುವವರು ಕಡಿಮೆ. ಆದರೂ 25-30 ಸಾವಿರಕ್ಕೆ ಗೊತ್ತಿರುವವರು ಕಣ್ಣು ಮುಚ್ಚಿ ತಗೊಳ್ಳುತ್ತಾರೆ, ಬಿರುಕಿಲ್ಲದೆ, ನೆಕ್ ಸರಿ ಇದ್ದರೆ. ನೆಕ್ ಎದ್ದಿದ್ದರೂ ಇದಕ್ಕೆ ಖರ್ಚು ಮಾಡಿ, ದುಡ್ಡು ವಾಪಸ್ ಬರುತ್ತದೆ. ಸಾಲಿಡ್ ಟಾಪ್ ಆಗಿದ್ದರೆ, ಬೀದರ್ ಎಷ್ಟು ತಂಪು ಅಂದರೂ ಏಪ್ರಿಲ್-ಮೇನಲ್ಲಿ ತೇವದ ವ್ಯವಸ್ಥೆ ಬೇಕು. ತೂತು ಮಾಡಿದ ಸೋಪ್ ಡಬ್ಬಿಯಲ್ಲಿ ಒದ್ದೆ ಸ್ಪಂಜು ಚೆನ್ನಾಗಿ ಹಿಂಡಿ ಕೇಸಿನೊಳಗೆ ತಲೆಯ ಕಡೆ ಇಡಿ. ನೀರು ತೊಟ್ಟಿಕ್ಕಬಾರದು. ಒಣಗಿದಾಗ ಮತ್ತೆ ಒದ್ದೆ ಮಾಡಿ.

ನನ್ನನ್ನು ಕೇಳಿದರೆ ಮಾರಲೇಬೇಡಿ. ಕ್ವಾಯರಿಗೆ ಇದಕ್ಕಿಂತ ಒಳ್ಳೇ ಗಿಟಾರ್ ಆ ದುಡ್ಡಿನಲ್ಲಿ ಬರುವುದಿಲ್ಲ.

ಪ್ರಶ್ನೆ: ಗುಜರಿಯಲ್ಲಿ 1,200ಕ್ಕೆ ಸಿಕ್ಕ ಗಿಟಾರ್ ಮೇಲೆ ‘ಮೋರಿಸ್ ಡಬ್ಲ್ಯು-25’ ಅಂತ ಇದೆ. 25 ಅಂದರೆ ಏನು? ಇದು ಇಂಗ್ಲೆಂಡಿನದಾ?
ಓದುಗ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಹೆಸರು ಇಂಗ್ಲಿಷ್, ಮಾಲು ಜಪಾನು. ಮತ್ಸುಮೊಟೊದ ಮೊರಿದೈರಾ ಕಂಪನಿಯದು. 25 ಅಂದರೆ ಬೆಲೆ, 25 ಸಾವಿರ ಯೆನ್. 70ರ ದಶಕದಲ್ಲಿ ಜಪಾನಿನ ಹಲವು ಕಂಪನಿಗಳು ಮಾಡೆಲ್ ನಂಬರಿನಲ್ಲೇ ಸಾವಿರದ ಲೆಕ್ಕದಲ್ಲಿ ಬೆಲೆ ಬರೆದುಬಿಡುತ್ತಿದ್ದವು, ಡಬ್ಲ್ಯು-20 ಅಂದರೆ 20 ಸಾವಿರ, ಡಬ್ಲ್ಯು-50 ಅಂದರೆ 50 ಸಾವಿರ. ಗಿರಾಕಿ ಅಂಗಡಿಯವನನ್ನು ಕೇಳಬೇಕಾಗೇ ಇಲ್ಲ. ನಮ್ಮ ಬಜಾರಿನಲ್ಲಿ ಇದು ಬಂದರೆ ಚೌಕಾಶಿ ಮಾಡುವವರ ಗತಿ ಏನು!

25 ಸಾವಿರ ಕೇಳಿ ಗಾಬರಿ ಆಗಬೇಡಿ. 1975ರ ಹೊತ್ತಿಗೆ ಒಂದು ಡಾಲರಿಗೆ ಸುಮಾರು 300 ಯೆನ್, ನಮ್ಮ ರೂಪಾಯಿ ಡಾಲರಿಗೆ ಎಂಟು ಚಿಲ್ಲರೆ. ಲೆಕ್ಕ ಹಾಕಿದರೆ ಆಗಿನ 700 ರೂಪಾಯಿ. ನಂಬರ್ ಕಡಿಮೆ ಇರುವವು ಸಾಮಾನ್ಯವಾಗಿ ಪೂರ್ತಿ ಪ್ಲೈ, ಮೇಲಕ್ಕೆ ಹೋದ ಹಾಗೆ ಟಾಪ್ ಸಾಲಿಡ್ ಸಿಗುತ್ತಾ ಹೋಗುತ್ತದೆ. ನಿಮ್ಮದು ಕೆಳಗಿನ ಸಾಲಿನದು. ಆದರೆ 1,200ಕ್ಕೆ? ಕಣ್ಣು ಮುಚ್ಚಿ ಇಟ್ಟುಕೊಳ್ಳಿ. ನೆಕ್ ನೆಟ್ಟಗಿದ್ದು ಬ್ರಿಡ್ಜ್ ಕೂತಿದ್ದರೆ ಹೊಸ ತಂತಿ ಹಾಕಿ, ಆರೇಳು ಸಾವಿರದ ಗಿಟಾರ್ ಅದು. ಗುಜರಿಯಲ್ಲಿ ಬಿದ್ದಿತ್ತು ಅಂದರೆ ತೇವ ಹೊಕ್ಕಿರಬಹುದು, ಒಳಗೆ ಟಾರ್ಚ್ ಬಿಟ್ಟು ಟಾಪ್ ಹಿಂದಿನ ಅಡ್ಡಪಟ್ಟಿಗಳು ಯಾವುದಾದರೂ ಅಂಟು ಬಿಟ್ಟಿವೆಯಾ ನೋಡಿ. ಟಾಪ್ ಮೇಲೆ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ, ಎಲ್ಲಾದರೂ ಗಳಗಳ ಅಂದರೆ ಅಲ್ಲಿ ಪಟ್ಟಿ ಬಿಟ್ಟಿದೆ.

ಪ್ರಶ್ನೆ: ಗಿಬ್ಸನ್ ಗಿಟಾರ್ ಸಿಕ್ಕಿದೆ ಸರ್, ಜಪಾನಿನಲ್ಲಿ ಆದದ್ದು ಅಂತ ಹೇಳಿದರು. ತಲೆ ಮೇಲೆ ಹೆಸರು ಸ್ವಲ್ಪ ಬೇರೆ ಥರ ಇದೆ, ‘ಗಿವ್ಸನ್’. 15 ಸಾವಿರ ಹೇಳುತ್ತಿದ್ದಾರೆ, ಅಡ್ವಾನ್ಸ್ ಕೊಡಲಾ?
ಓದುಗ, ಜೇವರ್ಗಿ ಕಾಲನಿ, ಕಲಬುರಗಿ

ಉತ್ತರ: ಬೇಡ. ಅದು ಗಿಬ್ಸನ್ನೂ ಅಲ್ಲ, ಜಪಾನೂ ಅಲ್ಲ, ಕೋಲ್ಕತ್ತಾದ್ದು. ಕಲಿಯುವವರಿಗೆ ಅಗ್ಗಕ್ಕೆ ಸಿಗುವ ನಮ್ಮ ದೇಶದ್ದೇ ಬ್ರ್ಯಾಂಡು, ನಾಚಿಕೆಪಡುವಂಥದ್ದೇನಲ್ಲ. ಹೊಸದೇ ಅದಕ್ಕಿಂತ ಬಹಳ ಕಡಿಮೆಗೆ ಬರುತ್ತದೆ. ಹೇಳಿದವರ ಹತ್ತಿರ ಬೇರೆ ಯಾವುದಾದರೂ ಹಳೇ ಗಿಟಾರ್ ಇದ್ದರೆ ಫೋಟೊ ಕಳಿಸಿ, ಸೌಂಡ್‌ಹೋಲ್ ಅಂಚು ಹತ್ತಿರದಿಂದ ತೆಗೆದು.